ಮೊಬೈಲ್ ಹಾಕಿಕೊಟ್ಟ ಕೊಟ್ಟಿಗೆ ಪ್ಲಾನು

"ಡಾಕ್ಟ್ರೇ, ಎಐ ಮಾಡ್ಸಿದೀನಿ, ಒಂದ್ಸಲ ನೋಡಿ" ಎಂದು ನಮ್ಮ ಸಂಘದ ಸದಸ್ಯೆಯೊಬ್ಬರು ಕರೆದಾಗ, "ಯಾವ ಹಸುಗಕ್ಕಾ? ಬೆದೆಗೆ ಬಂದು ಎಷ್ಟು ಹೊತ್ತಾಗಿತ್ತು?" ಎಂದು ಕೇಳಿದೆ. ಡೇರಿಯವರಿಗೆ ಎಐ ಎಂದರೆ ಕೃತಕ ಗರ್ಭಧಾರಣೆ ತಾನೇ! ಅವರು ನಕ್ಕು ಮಗಳ ಮೊಬೈಲ್ ತೋರಿಸಿದರು. ಅದು ಇನ್ನೊಂದು ಎಐ, ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್. ಅದರ ಹತ್ತಿರ ಹೊಸ ಕೊಟ್ಟಿಗೆಯ ಪ್ಲಾನು ಹಾಕಿಸಿದ್ದರು.

ಅವರಿಗಿರುವುದು ನಾಲ್ಕು ಮಿಶ್ರತಳಿ ಹಸು. ಹಾಲಿನ ಬಟವಾಡೆಯಲ್ಲಿ ಎರಡು ವರ್ಷ ಉಳಿಸಿದ ದುಡ್ಡಿನಲ್ಲಿ ಕಟ್ಟುವ ಕೊಟ್ಟಿಗೆ ಅದು. ಒಮ್ಮೆ ಗಾರೆ ಬಿದ್ದರೆ ಒಡೆದು ಕಟ್ಟುವ ಮಾತಿಲ್ಲ.

ಮೊದಲ ದಿನ "ಹಸುವಿನ ಕೊಟ್ಟಿಗೆ ಹೇಗೆ ಕಟ್ಟಬೇಕು" ಎಂದಷ್ಟೇ ಕೇಳಿದ್ದರಂತೆ. ಇಪ್ಪತ್ತು ಹಸುವಿನ ಫಾರಂ, ಫ್ಯಾನು, ಹಾಲು ಕರೆಯುವ ಯಂತ್ರ ಎಲ್ಲ ಬಂತು. ಮಾರನೆಯ ದಿನ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಹೀಗೆ ಹೇಳಿದರು: "ನನ್ನ ಹತ್ರ ನಾಲ್ಕು ಎಚ್‌ಎಫ್ ಮಿಶ್ರತಳಿ ಹಸು ಇವೆ. ಮನೆ ಹಿಂದೆ 30 ಅಡಿಗೆ 20 ಅಡಿ ಜಾಗ ಇದೆ. ನಮ್ಮದು ಬಯಲುಸೀಮೆ, ಬಿಸಿಲು ಜಾಸ್ತಿ. ಸಗಣಿ ಬಾಚೋದು, ಹಾಲು ಕರೆಯೋದು ನಾನೊಬ್ಬಳೇ. ಅಳತೆ ಅಡಿಯಲ್ಲಿ ಹೇಳು."

ಈ ಸಲದ ಉತ್ತರ ನೋಡಿ ನನಗೇ ಆಶ್ಚರ್ಯವಾಯಿತು. ಮೇಸ್ತ್ರಿ 12 ಅಡಿಗೆ 10 ಅಡಿ ಸಾಕು ಎಂದಿದ್ದರು. ಅಂದರೆ ಒಂದು ಹಸುವಿಗೆ ಮೂರೇ ಅಡಿ ಅಗಲ. ಅಷ್ಟು ಇಕ್ಕಟ್ಟಿನಲ್ಲಿ ಪಕ್ಕದ ಹಸು ಏಳುವಾಗ ಮಲಗಿದ್ದರ ಮೊಲೆತೊಟ್ಟು ತುಳಿಯುತ್ತದೆ. ಅಂಥ ಎಷ್ಟೋ ತೊಟ್ಟುಗಳಿಗೆ ನಾನೇ ಹೊಲಿಗೆ ಹಾಕಿದ್ದೇನೆ. ಮೊಬೈಲ್ ಹಸುವಿಗೆ ನಾಲ್ಕು ಅಡಿಯಂತೆ 16 ಅಡಿ ಉದ್ದ ಹೇಳಿತ್ತು. ಅಗಲಕ್ಕೆ ಗೋದಲಿ ಎರಡೂವರೆ ಅಡಿ, ಹಸು ನಿಲ್ಲಲು ಐದೂವರೆ, ಗಂಜಲದ ಚರಂಡಿ ಒಂದು, ಹಿಂದೆ ಓಡಾಡಲು ನಾಲ್ಕು, ಒಟ್ಟು 13 ಅಡಿ. ಬಿಸಿಲು ನೇರ ಒಳಗೆ ಬೀಳದಂತೆ ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಬೇಕು ಎಂದೂ ಇತ್ತು. ಬಯಲುಸೀಮೆಗೆ ಅದು ಸರಿ.

ಆದರೆ ನೆಲದ ಇಳಿಜಾರಿನಲ್ಲಿ ಎಡವಿತ್ತು. ಅಡಿಗೆ ಒಂದು ಇಂಚು ಇಳಿಸಿ ಎಂದಿತ್ತು. ಹಾಗೆ ಮಾಡಿದರೆ ಹಸುವಿನ ಹಿಂಗಾಲು ಮುಂಗಾಲಿಗಿಂತ ಐದೂವರೆ ಇಂಚು ತಗ್ಗಿನಲ್ಲಿರುತ್ತದೆ. ಅವರ ಒಂದು ಹಸುವಿಗೆ ಎಂಟು ತಿಂಗಳು. ತುಂಬು ಗಬ್ಬದ ಹಸು ಹಿಂಭಾಗ ತಗ್ಗಾಗಿ ಮಲಗಿದರೆ ಗರ್ಭದ ಭಾರವೆಲ್ಲ ಹಿಂದಕ್ಕೆ ಒತ್ತಿ ಮೈ ಹೊರಗೆ ಬರುವ ಅಪಾಯ ಹೆಚ್ಚು. ಗಂಜಲ ಹರಿಯಲು ಐದೂವರೆ ಅಡಿ ಪೂರ್ತಿಗೆ ಒಂದೂವರೆ ಇಂಚು ಇಳಿಜಾರು ಸಾಕು.

"ಮೆಷಿನ್ನು ತಪ್ಪು ಹೇಳ್ತದಾ ಡಾಕ್ಟ್ರೇ?" ಎಂದರು. ಹೇಳುತ್ತದೆ. ಸರಿಯಾದದ್ದನ್ನು ಎಷ್ಟು ಧೈರ್ಯವಾಗಿ ಹೇಳುತ್ತದೋ ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. "ಈ ಇಳಿಜಾರು ಗಬ್ಬದ ಹಸುವಿಗೆ ಆಗುತ್ತಾ?" ಎಂದು ಅಲ್ಲೇ ಕೇಳಿಸಿದೆ. ಕ್ಷಮೆ ಕೇಳಿ ಲೆಕ್ಕ ಬದಲಿಸಿತು! ಕೇಳದಿದ್ದರೆ ಬದಲಿಸುತ್ತಿರಲಿಲ್ಲ.

ನೆಲ ನುಣುಪಾಗಿರಬಾರದು ಎಂಬುದನ್ನೂ ಅದು ಹೇಳಿರಲಿಲ್ಲ. ಜಾರಿ ಹಿಂಗಾಲು ಅಗಲಿಸಿ ಬಿದ್ದ ಹಸುವನ್ನು ಮತ್ತೆ ನಿಲ್ಲಿಸುವುದು ಬಹಳ ಕಷ್ಟ. ಗಾರೆ ಹಸಿಯಿರುವಾಗಲೇ ಗೆರೆ ಎಳೆಸಬೇಕು.

ಮೇಸ್ತ್ರಿಯನ್ನೂ ತೆಗೆದುಹಾಕುವಂತಿಲ್ಲ. ಜೋರು ಮಳೆ ಬಂದರೆ ಮೇಲಿನ ಹೊಲದ ನೀರು ಆ ಹಿತ್ತಲಿಗೇ ನುಗ್ಗುತ್ತದೆಂದು ಮೊಬೈಲಿಗೆ ಹೇಗೆ ಗೊತ್ತಾಗಬೇಕು? ಪಾಯ ಒಂದೂವರೆ ಅಡಿ ಎತ್ತರಿಸಬೇಕೆಂದು ಹೇಳಿದ್ದು ಅವರೇ. ಶೀಟು, ಸಿಮೆಂಟಿನ ಬೆಲೆಯನ್ನೂ ಮೊಬೈಲ್ ಪಟಪಟನೆ ಹೇಳಿತ್ತು; ಊರಿನ ಅಂಗಡಿಯಲ್ಲಿ ವಿಚಾರಿಸಿದರೆ ಬೇರೆಯೇ ಇತ್ತು. ಸಹಾಯಧನ ಎಷ್ಟು, ಅರ್ಜಿ ಎಲ್ಲಿ ಎಂಬುದನ್ನು ಪಂಚಾಯಿತಿಯಲ್ಲೇ ಕೇಳಿ. ಆಧಾರ್, ಪಾಸ್‌ಬುಕ್ ಫೋಟೋ ಮಾತ್ರ ಅದಕ್ಕೆ ಕಳಿಸಬೇಡಿ.

ಇನ್ನೊಂದು ಮಾತು. ಕೊಟ್ಟಿಗೆಯ ಅಳತೆ ನಾಳೆ ತಿದ್ದಬಹುದು, ಹೊಟ್ಟೆ ಉಬ್ಬರಿಸಿದ ಹಸು ಕಾಯುವುದಿಲ್ಲ. ಕಾಯಿಲೆ, ಔಷಧಿ ಎಂದರೆ ಮೊಬೈಲಿನಲ್ಲಿ ನನಗೆ ಫೋನ್ ಮಾಡಿ, ಅದನ್ನು ಕೇಳುತ್ತಾ ಕೂರಬೇಡಿ.

ಆ ಅಕ್ಕನ ಮನೆಯಲ್ಲಿ ಈಗ ಪಾಯ ಮುಗಿದಿದೆ. ನೆಲಕ್ಕೆ ಗಾರೆ ಹಾಕುವ ಹಿಂದಿನ ದಿನ ತಿಳಿಸಿ ಎಂದಿದ್ದೇನೆ. ಮೇಸ್ತ್ರಿಯ ರಸಮಟ್ಟ ಇಟ್ಟು ಇಳಿಜಾರನ್ನು ಒಮ್ಮೆ ನಾನೂ ನೋಡಬೇಕು.