ಯೀಸ್ಟ್‌ನ ಎಳೆ ತುಂಡಾಗುವುದೆಲ್ಲಿ?

ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್‌ಗೆ ಆಹಾರದ ಕೊರತೆ ಬಿದ್ದರೆ ಅದು ಕ್ರೋಮೋಸೋಮುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಕೋಶವಿಭಜನೆಯಾದ ಮಿಯಾಸಿಸ್‌ಗೆ ಇಳಿಯುತ್ತದೆ. 16 ಜೋಡಿ ಕ್ರೋಮೋಸೋಮುಗಳಿರುವ ಒಂದು ಕೋಶದಿಂದ ನಾಲ್ಕು ಬೀಜಕಗಳು ಹುಟ್ಟಿ ಒಂದೇ ಚೀಲದಲ್ಲಿ ಉಳಿಯುತ್ತವೆ. ಚೀಲ ಒಡೆದು ನಾಲ್ಕನ್ನೂ ಬೇರೆ ಬೇರೆ ಬೆಳೆಸಿದರೆ, ತಂದೆತಾಯಿಯ ಜೀನುಗಳು ಹಂಚಿಕೆಯಾದ ಪೂರ್ತಿ ಲೆಕ್ಕ ವಿಜ್ಞಾನಿಯ ಕೈಗೆ ಸಿಗುತ್ತದೆ.

ಆ ಲೆಕ್ಕ ಆಗಾಗ ತಪ್ಪುತ್ತಿತ್ತು. ಎರಡಕ್ಕೆರಡು ಇರಬೇಕಾದಲ್ಲಿ ಮೂರಕ್ಕೊಂದು! ಒಂದು ಕ್ರೋಮೋಸೋಮಿನ ಮಾಹಿತಿ ಅದರ ಜೊತೆಗಾರನಲ್ಲಿ ನಕಲಾಗಿರುತ್ತಿತ್ತು. ಅರ್ಜಿನೈನ್ ತಯಾರಿಕೆಗೆ ಬೇಕಾದ ಎಆರ್‌ಜಿ4 ಜೀನಿನಲ್ಲಂತೂ ಇಂಥ ನಕಲು ಒಂದು ತುದಿಯಲ್ಲಿ ಹೆಚ್ಚು, ಇನ್ನೊಂದು ತುದಿಯತ್ತ ಸಾಗಿದಂತೆ ಕಡಿಮೆ.

1983ರಲ್ಲಿ ಜ್ಯಾಕ್ ಶೋಸ್ಟಾಕ್, ಟೆರ‍್ರಿ ಆರ್-ವೀವರ್, ರಾಡ್ನಿ ರಾಥ್‌ಸ್ಟೈನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ದಿಟ್ಟ ವಿವರಣೆಯೊಂದನ್ನು ಮುಂದಿಟ್ಟರು: ಡಿಎನ್‌ಎಯ ಎರಡೂ ಎಳೆಗಳು ತುಂಡಾಗುವುದರಿಂದಲೇ ಜೊತೆಗಾರ ಕ್ರೋಮೋಸೋಮುಗಳ ನಡುವಿನ ಮರುಜೋಡಣೆ ಶುರುವಾಗುತ್ತದೆ, ತುಂಡಾದದ್ದು ಜೊತೆಗಾರನನ್ನು ನೋಡಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. 1989ರಲ್ಲಿ ಶೋಸ್ಟಾಕ್ ಪ್ರಯೋಗಾಲಯಕ್ಕೆ ಆ ತುಂಡುಗಳೇ ಸಿಕ್ಕವು. ಎಆರ್‌ಜಿ4 ಜೀನಿನ ಮುಂಭಾಗದಲ್ಲೇ, ನಕಲು ಅತಿ ಹೆಚ್ಚಾಗಿ ಕಾಣುತ್ತಿದ್ದ ತುದಿಯಲ್ಲೇ, ಎಳೆ ಕಡಿದುಹೋಗಿತ್ತು.

ಕಡಿಯುವವರು ಯಾರು? 1997ರಲ್ಲಿ ಸ್ಕಾಟ್ ಕೀನಿ, ಕ್ರೇಗ್ ಜಿರೂ ಮತ್ತು ನ್ಯಾನ್ಸಿ ಕ್ಲೆಕ್ನರ್ ಕಡಿದ ತುದಿಗೆ ಅಂಟಿಕೊಂಡಿದ್ದ ಸ್ಪೋ11 ಪ್ರೋಟೀನನ್ನು ಗುರುತಿಸಿದರು. ಸ್ಪೋ11 ಒಂಟಿಯಾಗಿ ದುಡಿಯುವುದಿಲ್ಲ. ಸಾಕಷ್ಟು ಕಡಿತಗಳಾಗಲು ಹಾಪ್1 ಎಂಬ ಪ್ರೋಟೀನೂ ಬೇಕು. ಅದು ಡಿಎನ್‌ಎಗೆ ಅಂಟುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪ ಅವರ ತಂಡ 1998ರಲ್ಲಿ ವಿವರಿಸಿತು.

ಕಡಿತಗಳ ಇಡೀ ನಕ್ಷೆ ಸಿದ್ಧವಾದದ್ದು 2011ರಲ್ಲಿ. ಸ್ಪೋ11ಗೆ ಅಂಟಿಕೊಂಡೇ ಬೇರ್ಪಡುವ ಡಿಎನ್‌ಎ ಚೂರುಗಳನ್ನು ಕೀನಿ ತಂಡ ಓದಿ, ಕಡಿತ ಹೆಚ್ಚಾಗಿ ಆಗುವ ಸುಮಾರು 3,600 ಹಾಟ್‌ಸ್ಪಾಟ್‌ಗಳನ್ನು ಪತ್ತೆಹಚ್ಚಿತು. ಒಂದು ಮಿಯಾಸಿಸ್‌ನಲ್ಲಿ ಆಗುವ ಕಡಿತಗಳು ಸುಮಾರು 160 ಮಾತ್ರ. ಹಾಗಾಗಿ ಪ್ರತಿ ಕೋಶವೂ ಬೇರೆ ಬೇರೆ ಜಾಗಗಳನ್ನು ಆರಿಸಿಕೊಳ್ಳುತ್ತದೆ.

ಬಹುಪಾಲು ಹಾಟ್‌ಸ್ಪಾಟ್‌ಗಳು ಜೀನುಗಳ ಪ್ರೊಮೋಟರುಗಳಲ್ಲಿ, ಅಂದರೆ ಜೀನಿನ ಕೆಲಸ ಶುರುಮಾಡಿಸುವ ಭಾಗಗಳಲ್ಲಿ, ಇವೆ. ಉಳಿದೆಡೆ ಡಿಎನ್‌ಎ ಹಿಸ್ಟೋನ್ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರೆ, ಇಲ್ಲಿ ಅದು ಬಿಡುವಾಗಿರುತ್ತದೆ, ಸ್ಪೋ11ಗೆ ಎಟುಕುತ್ತದೆ. ಮನುಷ್ಯರಲ್ಲಿ ಜಾಗ ತೋರಿಸುವುದು ಪಿಆರ್‌ಡಿಎಂ9 ಎಂಬ ಪ್ರೋಟೀನು. ಅದು ಬದಲಾದಂತೆ ಹಾಟ್‌ಸ್ಪಾಟ್‌ಗಳೂ ಜಾಗ ಬದಲಿಸುತ್ತವೆ. ಯೀಸ್ಟ್‌ನಲ್ಲಿ ಆ ಪ್ರೋಟೀನಿಲ್ಲ. ಅದರ ಪ್ರೊಮೋಟರುಗಳು ಜೀನುಗಳ ದಿನನಿತ್ಯದ ಕೆಲಸಕ್ಕೇ ಬೇಕಾದ್ದರಿಂದ ಸುಲಭವಾಗಿ ಅಳಿಯುವುದಿಲ್ಲ. ಯೀಸ್ಟ್‌ನ ಹತ್ತಿರದ ಸಂಬಂಧಿ ಪ್ರಭೇದಗಳನ್ನು ಕೀನಿ ತಂಡ 2015ರಲ್ಲಿ ಹೋಲಿಸಿದಾಗ, ಹಾಟ್‌ಸ್ಪಾಟ್‌ಗಳು ಬಹುತೇಕ ಅದೇ ಜಾಗಗಳಲ್ಲಿ ಉಳಿದಿದ್ದವು.