ಮೊಬೈಲ್ ಅಲೆಗಳಿಗೆ ನಮ್ಮ ಮೆದುಳು ಹೇಗೆ ಸ್ಪಂದಿಸುತ್ತದೆ?

ಊರಿಗೆ ಹೊಸ ಮೊಬೈಲ್ ಟವರ್ ಬರುತ್ತದೆ ಎಂಬ ಸುದ್ದಿ ಹರಡಿದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ಅದರಿಂದ ಮೆದುಳು ಕೆಡುತ್ತದೆ ಎಂಬುದು ಒಂದು. ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ವಾರ್ಡಿನ ಸಭೆಗಳಲ್ಲಿಯೂ ಶಾಲೆಯ ಹೆತ್ತವರ ಸಭೆಗಳಲ್ಲಿಯೂ ಈ ಚರ್ಚೆ ಬಿಸಿಯೇರುವುದುಂಟು. ಆದರೆ ಪ್ರಯೋಗಾಲಯಗಳಲ್ಲಿ ಕಂಡುಬಂದಿರುವ ಸಂಗತಿ ಈ ಎರಡು ಮಾತುಗಳಿಗೂ ಸರಿಹೊಂದುವುದಿಲ್ಲ.

ಮೊದಲು ಮೈಕ್ರೋವೇವ್ ಎಂದರೇನು ಎಂದು ನೋಡೋಣ. ಮೊಬೈಲ್, ವೈಫೈ, ರಾಡಾರ್, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಬಳಸುವುದು ಒಂದೇ ಜಾತಿಯ ಅಲೆಗಳನ್ನು. ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವ ಶಕ್ತಿ ಇವಕ್ಕಿಲ್ಲ. ಪ್ರಮಾಣ ಹೆಚ್ಚಾದರೆ ಬಿಸಿ ಮಾಡುತ್ತವೆ. ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಒಲೆಯ ಶಕ್ತಿ ಸುಮಾರು 700ರಿಂದ 1000 ವ್ಯಾಟ್, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ. 4ಜಿ ಫೋನಿನದು ಹೆಚ್ಚೆಂದರೆ ಸುಮಾರು 0.2 ವ್ಯಾಟ್. ಹಾಗಾದರೆ ಬಿಸಿ ಮಾಡಲಾರದಷ್ಟು ಕ್ಷೀಣವಾದ ಅಲೆಗಳು ಮೆದುಳಿನ ಕೆಲಸವನ್ನು ಬದಲಿಸಬಲ್ಲವೇ? ವಿಜ್ಞಾನಿಗಳು ಐದಾರು ದಶಕಗಳಿಂದ ಕೇಳುತ್ತಿರುವ ಪ್ರಶ್ನೆ ಇದು.

ಈ ಪ್ರಶ್ನೆಗೆ ಒಂದು ವಿಚಿತ್ರ ಚರಿತ್ರೆಯೂ ಇದೆ. ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯ ಕಡೆಗೆ ಯಾರೋ ಎದುರಿನಿಂದ ಮೈಕ್ರೋವೇವ್ ಕಿರಣಗಳನ್ನು ಹಾಯಿಸುತ್ತಿದ್ದುದು 1953ರ ಸುಮಾರಿಗೆ ಪತ್ತೆಯಾಯಿತು. ಅದು 1970ರ ದಶಕದವರೆಗೂ ನಡೆಯಿತು. ಅಲ್ಲಿ ದುಡಿಯುತ್ತಿದ್ದವರಿಗೆ, ಅವರ ಮಡದಿ ಮಕ್ಕಳಿಗೆ ವಿಷಯ ತಿಳಿಸಿದ್ದು 1976ರಲ್ಲಿ! ಬಳಿಕ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಬ್ರಹಾಂ ಲಿಲಿಯನ್‌ಫೆಲ್ಡ್ ಅವರ ತಂಡವು ಮಾಸ್ಕೋದ ಸಿಬ್ಬಂದಿಯನ್ನು ಪೂರ್ವ ಯುರೋಪಿನ ಇತರ ರಾಯಭಾರ ಕಚೇರಿಗಳವರೊಂದಿಗೆ ಹೋಲಿಸಿ 1978ರಲ್ಲಿ ವರದಿ ನೀಡಿತು. ಕಿರಣಗಳಿಂದಲೇ ಹಾನಿಯಾಯಿತು ಎನ್ನಲು ಮನವೊಪ್ಪುವ ಆಧಾರ ಸಿಗಲಿಲ್ಲ. ಆದರೂ ಇಂದಿಗೂ ಆ ಪ್ರಕರಣದ ಬಗ್ಗೆ ಅನುಮಾನ ಪೂರ್ತಿ ಹೋಗಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಚ್ಚಿಟ್ಟವರ ಮಾತನ್ನು ಆಮೇಲೆ ಯಾರು ನಂಬುತ್ತಾರೆ?

ಇನ್ನು ಮೆದುಳಿನ ವಿಚಾರ. ಜರ್ಮನಿಯ ಯೇನಾ ಪಟ್ಟಣದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಮೊದಲ ಬಾರಿಗೆ ದಾಖಲಿಸಿದರು. ಇಂದು ಆಸ್ಪತ್ರೆಗಳಲ್ಲಿ ಮಾಡುವ ಇ.ಇ.ಜಿ. ಪರೀಕ್ಷೆ ಅದೇ. ತಲೆಯ ಮೇಲೆ ಸಿಗುವ ಈ ವಿದ್ಯುತ್ತು ಒಂದು ವೋಲ್ಟಿನ ಲಕ್ಷದಲ್ಲಿ ಕೆಲವು ಪಾಲು ಮಾತ್ರ. ಕಣ್ಣು ಮುಚ್ಚಿ ಸುಮ್ಮನೆ ಕುಳಿತರೆ ಸೆಕೆಂಡಿಗೆ ಸುಮಾರು 10 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಕಾಣಿಸುತ್ತವೆ, ಕಣ್ಣು ತೆರೆದೊಡನೆ ಅಡಗುತ್ತವೆ.

ಸ್ವಿಟ್ಜರ್ಲೆಂಡಿನ ಜೂರಿಚ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ, ಪೀಟರ್ ಆಕರ್‌ಮಾನ್ ಮತ್ತು ಸಂಗಡಿಗರು 1999ರಿಂದ ಈ ಕುರಿತು ಪ್ರಯೋಗಗಳನ್ನು ಪ್ರಕಟಿಸಿದರು. 2002ರ ಪ್ರಯೋಗದಲ್ಲಿ ಆರೋಗ್ಯವಂತ ಯುವಕರು ಮಲಗುವ ಮುನ್ನ ಅವರ ತಲೆಗೆ ಅರ್ಧ ಗಂಟೆ 900 ಮೆಗಾಹರ್ಟ್ಸ್ ಅಲೆ ಸೋಕಿಸಲಾಯಿತು. ಆ ಅಲೆ ಫೋನಿನ ಸಂಕೇತದಂತೆ ಮಿಡಿಯುತ್ತಿದ್ದಾಗ ಆಲ್ಫಾ ಅಲೆಗಳು ತುಸು ಬಲಗೊಂಡವು. ಅಲೆ ನಿಲ್ಲಿಸಿದ ಮೇಲೂ, ನಿದ್ದೆಯೊಳಗೂ ಈ ಬದಲಾವಣೆಯ ಗುರುತು ಉಳಿದಿತ್ತು. ಆದರೆ ಮಿಡಿತವಿಲ್ಲದ ಅಲೆಯನ್ನು ಹಾಯಿಸಿದಾಗ ಏನೂ ಆಗಲಿಲ್ಲ. ಬರೇ ಬಿಸಿಯೇ ಕಾರಣವಾಗಿದ್ದರೆ ಎರಡೂ ಒಂದೇ ರೀತಿ ಇರಬೇಕಿತ್ತಲ್ಲ! ಈ ಇಡೀ ಸಂಶೋಧನೆಯಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಇದೇ. ಎಸ್ಟೋನಿಯಾ ದೇಶದ ತಾಲಿನ್ನ್ ನಗರದಲ್ಲಿ ಹಿಯೇ ಹಿನ್ರಿಕುಸ್ ಅವರ ತಂಡವು 450 ಮೆಗಾಹರ್ಟ್ಸ್ ಅಲೆಗಳಿಂದ ಪರೀಕ್ಷಿಸಿದಾಗಲೂ ಇ.ಇ.ಜಿ. ಬದಲಾಯಿತು, ಆದರೆ ಸ್ಪಷ್ಟ ಬದಲಾವಣೆ ಕಂಡದ್ದು ಕೆಲವರಲ್ಲಿ ಮಾತ್ರ.

2011ರಲ್ಲಿ ಅಮೆರಿಕದ ನೋರಾ ವೊಲ್ಕೋವ್ ಅವರ ಅಧ್ಯಯನ ದೊಡ್ಡ ಸುದ್ದಿಯಾಯಿತು. 47 ಮಂದಿಯ ಎರಡೂ ಕಿವಿಗಳಿಗೆ ಫೋನ್ ಕಟ್ಟಿ, ಒಂದು ದಿನ ಬಲಗಡೆಯದನ್ನು 50 ನಿಮಿಷ ಸದ್ದಿಲ್ಲದೆ ಚಾಲೂ ಇಟ್ಟು, ಇನ್ನೊಂದು ದಿನ ಎರಡನ್ನೂ ಬಂದ್ ಮಾಡಿ ಹೋಲಿಸಿದರು. ಆಂಟೆನಾಕ್ಕೆ ಹತ್ತಿರದ ಭಾಗದಲ್ಲಿ ಮೆದುಳು ಬಳಸುವ ಸಕ್ಕರೆಯ ಪ್ರಮಾಣ ಸುಮಾರು ಶೇಕಡಾ 7ರಷ್ಟು ಹೆಚ್ಚಿತ್ತು. ಇಡೀ ಮೆದುಳಿನ ಲೆಕ್ಕದಲ್ಲಿ ವ್ಯತ್ಯಾಸವಿರಲಿಲ್ಲ. ಅದೇ ವರ್ಷ ಫಿನ್ಲೆಂಡಿನಲ್ಲಿ 13 ಯುವಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಫೋನಿನ ಪಕ್ಕದ ಭಾಗದಲ್ಲಿ ಸಕ್ಕರೆಯ ಬಳಕೆ ಕಡಿಮೆಯಾಗಿತ್ತು! ವಿಷಯ ಇನ್ನೂ ಇತ್ಯರ್ಥವಾಗಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದ್ದರಿಂದ ಮೆದುಳು ಈ ಅಲೆಗಳನ್ನು ಗಮನಿಸುವುದೇ ಇಲ್ಲ ಎನ್ನುವುದು ತಪ್ಪು. ಹಾಗೆಂದು ಬದಲಾವಣೆ ಎಂದ ಕೂಡಲೇ ಹಾನಿ ಎಂದು ಓದುವುದೂ ತಪ್ಪು. ಒಂದು ಲೋಟ ಕಾಫಿ ಕುಡಿದರೂ ಇ.ಇ.ಜಿ. ಬದಲಾಗುತ್ತದೆ. ಕಣ್ಣು ಮುಚ್ಚಿದರಂತೂ ಮೇಲೆ ಹೇಳಿದ ಎಲ್ಲ ಪ್ರಯೋಗಗಳಲ್ಲಿ ಕಂಡದ್ದಕ್ಕಿಂತ ಹೆಚ್ಚು ಬದಲಾಗುತ್ತದೆ. ಜೂರಿಚ್‌ನ ಯುವಕರ ನಿದ್ದೆ ಇದರಿಂದ ಕೆಡಲಿಲ್ಲ. ಕ್ಯಾನ್ಸರ್‌ನ ಪ್ರಶ್ನೆ ಬೇರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಅಲೆಗಳನ್ನು 'ಸಾಧ್ಯತೆ ಇರಬಹುದಾದ' ಪಟ್ಟಿಗೆ ಸೇರಿಸಿತು. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ವಿಸ್ತೃತ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಂಡುಬರಲಿಲ್ಲ.

ಟವರ್ ಬಂದ ಮೇಲೆ ತಲೆನೋವು, ನಿದ್ದೆಯಿಲ್ಲ ಎನ್ನುವವರು ನಮ್ಮ ನಡುವೆ ಇದ್ದಾರೆ. ಅವರನ್ನು ಗೇಲಿ ಮಾಡುವುದು ಸರಿಯಲ್ಲ. 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ತೊಂದರೆ ಹೇಳುವ 725 ಮಂದಿಯ ಮೇಲೆ ನಡೆದ 31 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದರು. ಅಲೆ ಚಾಲೂ ಇದೆಯೇ ಇಲ್ಲವೇ ಎಂದು ಅವರು ಇತರರಿಗಿಂತ ಚೆನ್ನಾಗಿ ಗುರುತಿಸಬಲ್ಲರು ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಆದರೆ ನೋವು ನಿಜ. ಭಯವೂ ನಿದ್ದೆ ಕೆಡಿಸುತ್ತದೆ, ಬೇರೆ ಕಾಯಿಲೆಯೂ ಅಡಗಿರಬಹುದು. ಟವರನ್ನು ದೂರುತ್ತಾ ಕುಳಿತು ವೈದ್ಯರ ಬಳಿ ಹೋಗುವುದನ್ನು ತಡಮಾಡಬಾರದು.

ಇಷ್ಟಕ್ಕೂ ತಲೆಗೆ ಹೆಚ್ಚು ಅಲೆ ತಾಗುವುದು ಟವರಿನಿಂದಲ್ಲ, ಕಿವಿಗೆ ಒತ್ತಿಹಿಡಿದ ಫೋನಿನಿಂದ. ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅದಲ್ಲದೆ ಸಿಗ್ನಲ್ ದುರ್ಬಲವಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. ಘಟ್ಟದ ದಾರಿಯಲ್ಲಿ ಬಸ್ಸಿನೊಳಗೆ ಕುಳಿತು ಒಂದೇ ಒಂದು ಗೆರೆ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಮಾತನಾಡುವವರ ತಲೆಗೆ, ಟವರಿನ ಪಕ್ಕದ ಮನೆಯವರಿಗಿಂತ ಹೆಚ್ಚು ಅಲೆ ತಾಗುವುದುಂಟು. ಇಯರ್‌ಫೋನ್ ಅಥವಾ ಸ್ಪೀಕರ್ ಬಳಸಿ ಫೋನನ್ನು ತಲೆಯಿಂದ ಒಂದಡಿ ದೂರವಿಟ್ಟರೆ ಬಹುಪಾಲು ತಪ್ಪುತ್ತದೆ.

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಲಾಯಿತು. ಫೋನುಗಳಿಗೆ ಅದೇ ದಿನದಿಂದ ಪ್ರತಿ ಕಿಲೋಗೆ 1.6 ವ್ಯಾಟ್ ಎಂಬ ಮಿತಿ ನಿಗದಿಯಾಯಿತು. ತಮ್ಮ ಫೋನಿನ ಅಂಕೆ ಎಷ್ಟೆಂದು ತಿಳಿಯಬೇಕಾದವರು *#07# ಒತ್ತಿ ನೋಡಬಹುದು. ಟವರಿನ ಬಗ್ಗೆ ಅನುಮಾನವಿರುವವರು ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ತರಂಗ ಸಂಚಾರ್ ಜಾಲತಾಣದ ಮೂಲಕ, ಶುಲ್ಕ ಕಟ್ಟಿ, ತಮ್ಮ ಮನೆಯ ಬಳಿ ಅಳತೆ ಮಾಡಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಸಭೆಯಲ್ಲಿ ವಾದಕ್ಕೆ ಇಳಿಯುವ ಮೊದಲು ಆ ಅಳತೆಯ ಕಾಗದ ಕೈಯಲ್ಲಿದ್ದರೆ ಎರಡು ಕಡೆಯವರಿಗೂ ಮಾತನಾಡಲು ಸುಲಭ.