ಅಂಗಳದ ವಿದ್ಯುತ್ ಸಂಪರ್ಕ: ಜಾವಗಲ್ ದಾರಿಯ ವ್ಯಾಪಾರಿಗಳು ಅರಿತಿರಬೇಕಾದದ್ದು

ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಾವಗಲ್, ತೆಂಗು ಮತ್ತು ಕೊಬ್ಬರಿ ವಹಿವಾಟಿನ ಬಯಲುಸೀಮೆಗೂ ಹೊಯ್ಸಳ ಶಿಲ್ಪದ ನಾಡಿಗೂ ನಡುವೆ ಇರುವ ಊರು. ಇಲ್ಲಿಂದ ಮುಂದೆ ಹಳೇಬೀಡು, ಅದರಾಚೆ ಬೇಲೂರು. ಊರೊಳಗೇ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದ ನಂತರ, ಈ ದಾರಿಯ ಬದಿಯಲ್ಲಿ ಅಂಗಡಿ, ಹೋಟೆಲು, ವಸತಿಗೃಹ, ಕಲ್ಯಾಣ ಮಂಟಪಗಳನ್ನು ನಡೆಸುತ್ತಿರುವವರಿಗೆ ಹೊಸ ಬಗೆಯ ಗಿರಾಕಿಯ ಕುರಿತು ಯೋಚಿಸುವ ಅವಕಾಶ ಒದಗಿದೆ.

ಆ ಗಿರಾಕಿ ತನ್ನ ಮನೆಯನ್ನು ಜೊತೆಗೇ ತರುವವನು. ಮಲಗುವ ಸ್ಥಳ, ಅಡಿಗೆಯ ಕಟ್ಟೆ, ಶೌಚಾಲಯಗಳನ್ನು ಒಳಗೊಂಡ ವಾಹನವೇ ಕ್ಯಾರವಾನ್. ನೆರೆಯ ಕೇರಳ ಸರ್ಕಾರವು 2021ರಲ್ಲಿಯೇ ಕ್ಯಾರವಾನ್ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಯೋಜನೆಯನ್ನು ಆರಂಭಿಸಿತು. ಇಂತಹ ವಾಹನಕ್ಕೆ ರಾತ್ರಿ ತಂಗಲು ಬೇಕಾದುದು ಸಮತಟ್ಟಾದ ಅಂಗಳ, ನೀರು ಮತ್ತು ಒಂದು ವಿದ್ಯುತ್ ಸಂಪರ್ಕ. ಮೊದಲ ಎರಡು ಈ ಸೀಮೆಯ ಅನೇಕ ವ್ಯಾಪಾರಸ್ಥರಲ್ಲಿ ಈಗಾಗಲೇ ಇವೆ. ಮೂರನೆಯದು ಸುಲಭವೆಂದು ತೋರುತ್ತದೆ. ಕಿಟಕಿಯಿಂದ ಒಂದು ವೈರು ಎಳೆದರೆ ದೀಪ ಉರಿಯುತ್ತದೆ. ಆದರೆ ಪ್ರಾಣಾಪಾಯ ಅಡಗಿರುವುದು ಈ ಮೂರನೆಯದರಲ್ಲಿಯೇ.

ವಾಹನದ ಮೈಗೆ ವಿದ್ಯುತ್ ಬಂದರೆ

ಮನೆಯ ಗೋಡೆಗೂ ವಾಹನದ ಮೈಗೂ ಮುಖ್ಯವಾದ ವ್ಯತ್ಯಾಸವೊಂದಿದೆ. ವಾಹನದ ಮೈ ಲೋಹದ್ದು. ಅದು ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ. ಒಳಗಿನ ಯಾವುದಾದರೂ ಉಪಕರಣದ ಫೇಸ್ ತಂತಿ ಸವೆದು ಲೋಹಕ್ಕೆ ತಗುಲಿದರೆ, ಆ ವಿದ್ಯುತ್ತಿಗೆ ನೆಲವನ್ನು ಸೇರುವ ದಾರಿ ಇರುವುದಿಲ್ಲ. ಇಡೀ ವಾಹನ 230 ವೋಲ್ಟ್‌ಗೆ ಏರಿ ಮೌನವಾಗಿ ನಿಂತಿರುತ್ತದೆ. ಒಳಗೆ ಕುಳಿತವರಿಗೆ ಏನೂ ತಿಳಿಯದು. ಮಳೆಯಲ್ಲಿ ನೆನೆದ ನೆಲದ ಮೇಲೆ ಕಾಲಿಟ್ಟು ಬಾಗಿಲ ಹಿಡಿಗೆ ಕೈಹಾಕಿದವನ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ.

ಇದಕ್ಕೆ ಅರ್ಥಿಂಗ್ ಇದ್ದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ಸಾಲದು ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ನಮ್ಮ ಗ್ರಾಮೀಣ ಭಾಗದ ಮನೆಗಳಿಗೆ ಕಂಬದಿಂದ ಸಾಮಾನ್ಯವಾಗಿ ಬರುವುದು ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ಥಿಂಗ್ ಗುಂಡಿಯನ್ನು ಮನೆಯವರೇ ಮಾಡಿಕೊಳ್ಳಬೇಕು. ಆ ಗುಂಡಿಯ ರೋಧ 10 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಗುಂಡಿಯದು 2 ಓಮ್ ಎಂದು ಭಾವಿಸೋಣ. ದೋಷ ಉಂಟಾದಾಗ ಹರಿಯುವ ವಿದ್ಯುತ್ತು ಸುಮಾರು 19 ಆಂಪಿಯರ್. ಆಗ ವಾಹನದ ಮೈಯ ಮೇಲೆ ಉಳಿಯುವ ಒತ್ತಡ ಸುಮಾರು 190 ವೋಲ್ಟ್. 16 ಆಂಪಿಯರ್ ಎಂಸಿಬಿಯು 19 ಆಂಪಿಯರ್‌ಗೆ ಒಂದು ಗಂಟೆಯ ಒಳಗೆ ಬೀಳಲೇಬೇಕೆಂಬ ನಿಯಮವಿಲ್ಲ. ಮಾನಕದ ಪ್ರಕಾರ ಆ ಖಾತರಿ ದೊರೆಯುವುದು ಅದರ ಅಳತೆಯ 1.45 ಪಟ್ಟು, ಅಂದರೆ ಸುಮಾರು 23 ಆಂಪಿಯರ್ ಹರಿದಾಗ. ಹೀಗಾಗಿ ಅರ್ಥಿಂಗ್ ಇದ್ದೂ, ಎಂಸಿಬಿ ಇದ್ದೂ, ವಾಹನವನ್ನು ಮುಟ್ಟಿದವನಿಗೆ ರಕ್ಷಣೆ ಇರುವುದಿಲ್ಲ.

ಅರಸೀಕೆರೆ ಕಡೆಯ ಒಣ ನೆಲದಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಬೇಸಿಗೆಯಲ್ಲಿ ತೇವ ಆರಿದಂತೆ ಗುಂಡಿಯ ರೋಧ ಏರುತ್ತದೆ. ಮಳೆಗಾಲದಲ್ಲಿ ಅಳೆದು ಸರಿಯಿದೆ ಎಂದು ಬರೆದಿಟ್ಟ ಗುಂಡಿ ಏಪ್ರಿಲ್ ತಿಂಗಳಿನಲ್ಲಿ ಹಾಗೆಯೇ ಇರುತ್ತದೆಂದು ನಂಬಲಾಗದು.

ಆರ್‌ಸಿಸಿಬಿಯ ಕೆಲಸ

ಈ ಕೊರತೆಯನ್ನು ತುಂಬುವುದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂತಿರುಗುತ್ತಿದೆಯೇ ಎಂಬುದನ್ನು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಬಂದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಗುಂಡಿಯ ರೋಧ 100 ಓಮ್‌ಗೆ ಏರಿದ್ದರೂ, ಅದು ಬೀಳುವ ಮಟ್ಟದಲ್ಲಿ ವಾಹನದ ಮೈಯ ಮೇಲಿರುವುದು 3 ವೋಲ್ಟ್ ಮಾತ್ರ. ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಅರ್ಥಿಂಗ್ ಇದ್ದರೆ ದೋಷ ಕಾಣಿಸಿಕೊಂಡ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಮನುಷ್ಯನೊಬ್ಬ ಮುಟ್ಟಿದ ಮೇಲೆಯೇ ಬೀಳಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವನನ್ನು ಅದು ಉಳಿಸಲಾರದು ಎಂಬುದನ್ನೂ ನೆನಪಿಡತಕ್ಕದ್ದು.

ವಾಹನ ನಿಲ್ಲುವ ತಾಣಗಳ ಕುರಿತ ಅಂತರರಾಷ್ಟ್ರೀಯ ಮಾನಕವು ಪ್ರತಿ ಸಾಕೆಟ್ಟಿಗೂ ಪ್ರತ್ಯೇಕ ಆರ್‌ಸಿಸಿಬಿ ಇರಬೇಕೆಂದು ವಿಧಿಸಿದೆ. ವ್ಯಾಪಾರಸ್ಥರಿಗೆ ಇದರಲ್ಲಿ ಲಾಭವೂ ಇದೆ. ಅತಿಥಿಯ ವಾಹನದ ದೋಷದಿಂದ ಅಂಗಡಿಯ ಫ್ರಿಜ್ ರಾತ್ರಿಯಿಡೀ ಆರಿಹೋಗುವ ಪ್ರಸಂಗ ತಪ್ಪುತ್ತದೆ. ಇಂದಿನ ವಾಹನಗಳಲ್ಲಿ ಎಲೆಕ್ಟ್ರಾನಿಕ್ ಚಾರ್ಜರ್‌ಗಳಿರುವುದರಿಂದ ‘ಎಸಿ’ ಮಾದರಿಗಿಂತ ‘ಎ’ ಮಾದರಿಯ ಆರ್‌ಸಿಸಿಬಿಯನ್ನು ಕೇಳಿ ಪಡೆಯುವುದು ಉಚಿತ.

ಅರ್ಥಿಂಗ್ ಗುಂಡಿ ತೋಡುವ ಶ್ರಮವನ್ನು ಉಳಿಸಲು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ತಂತಿ ಜೋಡಿಸುವ ರೂಢಿ ಕೆಲವೆಡೆ ಉಂಟು. ಇದು ಅತ್ಯಂತ ಅಪಾಯಕಾರಿ. ಗಾಳಿಮಳೆಗೆ ನ್ಯೂಟ್ರಲ್ ತಂತಿ ಕಡಿದರೆ, ಯಾವ ಉಪಕರಣದ ದೋಷವೂ ಇಲ್ಲದೆ ವಾಹನದ ಮೈಗೆ ವಿದ್ಯುತ್ ಬರುತ್ತದೆ.

ತಂತಿ, ಸಾಕೆಟ್, ಕಂಬ

16 ಆಂಪಿಯರ್ ಸಂಪರ್ಕದಿಂದ 230 ವೋಲ್ಟ್‌ನಲ್ಲಿ ದೊರೆಯುವುದು 3,680 ವಾಟ್. 2,000 ವಾಟ್‌ನ ಇಂಡಕ್ಷನ್ ಒಲೆ, 1,500 ವಾಟ್‌ನ ಕೆಟಲ್, 1,200 ವಾಟ್‌ನ ಎಸಿ ಏಕಕಾಲಕ್ಕೆ ಚಾಲನೆಯಾದರೆ ಹೊರೆ 4,700 ವಾಟ್‌ಗೆ ಮುಟ್ಟುತ್ತದೆ. ಎಂಸಿಬಿ ಬೀಳುವುದು ನ್ಯಾಯವೇ. ಪದೇ ಪದೇ ಬೀಳುತ್ತದೆಂದು 32 ಆಂಪಿಯರ್ ಎಂಸಿಬಿ ಹಾಕಿಸಿದರೆ ಸುಡುವುದು ಗೋಡೆಯೊಳಗಿನ ತಂತಿ. ಈ ಮಿತಿಯನ್ನು ಅತಿಥಿಗೆ ಮೊದಲೇ ತಿಳಿಸುವ ಫಲಕವೊಂದು ಕಂಬದ ಮೇಲಿದ್ದರೆ ತಕರಾರಿಗೆ ಅವಕಾಶವಿರದು.

ತಂತಿಯ ದಪ್ಪವನ್ನು ದೂರ ನೋಡಿ ನಿರ್ಧರಿಸಬೇಕು. ಬೋರ್ಡಿನಿಂದ ಕಂಬಕ್ಕೆ 30 ಮೀಟರ್ ಇದ್ದು 16 ಆಂಪಿಯರ್ ಹರಿಯುವಾಗ, 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 11.6 ವೋಲ್ಟ್ ನಷ್ಟವಾಗುತ್ತದೆ, 2.5ರಲ್ಲಿ ಸುಮಾರು 7, 4ರಲ್ಲಿ 4.5ಕ್ಕೂ ಕಡಿಮೆ. ಸಂಜೆಯ ವೇಳೆ ಕಂಬದಲ್ಲಿಯೇ ವೋಲ್ಟೇಜ್ ಇಳಿಯುವ ಊರುಗಳಲ್ಲಿ 4 ಚದರ ಮಿಲಿಮೀಟರ್ ತಂತಿ ದುಂದುವೆಚ್ಚವಲ್ಲ. ನೆಲದಡಿ ಒಯ್ಯುವುದಾದರೆ ಆರ್ಮರ್ಡ್ ಕೇಬಲ್ಲನ್ನು 75 ಸೆಂಟಿಮೀಟರ್ ಆಳದಲ್ಲಿ ಮರಳಿನ ಹಾಸಿನ ಮೇಲಿರಿಸಿ, ಮೇಲೆ ಇಟ್ಟಿಗೆ ಜೋಡಿಸಿ ಮುಚ್ಚಬೇಕು. ಮುಂದೊಂದು ದಿನ ಗುದ್ದಲಿ ಹಾಕುವವನಿಗೆ ಆ ಇಟ್ಟಿಗೆಯೇ ಎಚ್ಚರಿಕೆ.

ಸಾಕೆಟ್ ನೆಲದಿಂದ ಅರ್ಧ ಮೀಟರಿಗಿಂತ ಮೇಲೆ, ಒಂದೂವರೆ ಮೀಟರಿಗಿಂತ ಕೆಳಗೆ, ಮಳೆನೀರು ತಡೆಯುವ ಮುಚ್ಚಳದೊಳಗೆ ಇರತಕ್ಕದ್ದು. ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್ ಇದಕ್ಕೆ ಯೋಗ್ಯವಾದದ್ದು. ಯುರೋಪಿನ ಕ್ಯಾರವಾನ್ ತಾಣಗಳಲ್ಲಿಯೂ ಇದೇ ಬಳಕೆಯಲ್ಲಿದೆ. ಅಲ್ಲಿಯ ಒತ್ತಡವೂ 230 ವೋಲ್ಟ್. ಅಮೆರಿಕದ ಮಾರ್ಗದರ್ಶಿಗಳನ್ನು ಮಾತ್ರ ಇಲ್ಲಿ ಅನುಸರಿಸಲಾಗದು. ಅಲ್ಲಿನ ವಾಹನಗಳ 30 ಆಂಪಿಯರ್ ಸಂಪರ್ಕ 120 ವೋಲ್ಟ್‌ನದು. ಅದಕ್ಕೆ 240 ವೋಲ್ಟ್ ಕೊಟ್ಟು ಒಳಗಿನ ಉಪಕರಣಗಳನ್ನೆಲ್ಲ ಸುಟ್ಟುಕೊಳ್ಳುವುದು ಅಲ್ಲಿಯ ಮನೆಗಳಲ್ಲಿಯೂ ನಡೆಯುವ ತಪ್ಪು.

ಬಳಕೆಯಲ್ಲಿಯೂ ಕ್ರಮವಿದೆ. ಸ್ವಿಚ್ ಆರಿಸಿ, ಮೊದಲು ವಾಹನದ ಕಡೆ, ನಂತರ ಕಂಬದ ಕಡೆ ಜೋಡಿಸಿ, ಕೊನೆಗೆ ಸ್ವಿಚ್ ಹಾಕಬೇಕು. ಬಿಡಿಸುವಾಗ ಇದರ ಹಿಮ್ಮುಖ. ಸುರುಳಿ ಸುತ್ತಿದ ಕೇಬಲ್ ಬಿಸಿಯಾಗಿ ಕರಗುವುದರಿಂದ ಅದನ್ನು ಪೂರ್ತಿ ಬಿಚ್ಚಿ ಹಾಸಬೇಕು.

ಕಾನೂನು ಮತ್ತು ಕಚೇರಿ

ಹಾಸನ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಹೊಸ ಹೊರೆ ಸೇರಿಸುವ ಮುನ್ನ ಮಂಜೂರಾದ ಹೊರೆ ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನ ಅನ್ವಯ, ಮಂಜೂರಾದ ಉದ್ದೇಶಕ್ಕೆ ಹೊರತಾದ ಬಳಕೆಯು ಅನಧಿಕೃತ ಬಳಕೆ. ಅದಕ್ಕೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿಗೆ ಅವಕಾಶವಿದೆ. ಮನೆಯ ಮೀಟರಿನಿಂದ ಬಾಡಿಗೆಯ ಅಂಗಳಕ್ಕೆ ವಿದ್ಯುತ್ ಕೊಡಬಯಸುವವರು ಉಪವಿಭಾಗ ಕಚೇರಿಯಲ್ಲಿ ದರದ ವರ್ಗವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಿ, ಗುಂಡಿಯ ರೋಧವನ್ನು ಅಳೆಯಿಸಿ ದಿನಾಂಕದೊಡನೆ ಬರೆಸಿಕೊಳ್ಳಬೇಕು.

ಹೂಡಿಕೆಯ ಫಲ

ಕ್ಯಾರವಾನ್‌ಗಳು ಇನ್ನೂ ವಿರಳ. ಅವುಗಳಿಗಾಗಿಯೇ ಇಷ್ಟು ಖರ್ಚು ಏಕೆ ಎಂಬ ಆಕ್ಷೇಪಣೆ ಬರಬಹುದು. ಆದರೆ ಇದೇ ಕಂಬ ವಿದ್ಯುತ್ ಸ್ಕೂಟರಿಗೂ ಕಾರಿಗೂ, ಜಾತ್ರೆಯ ದಿನಗಳ ಸಂಚಾರಿ ಕ್ಯಾಂಟೀನಿಗೂ ಆಧಾರವಾಗಬಲ್ಲದು. ಈಗಿರುವ ಸಂಪರ್ಕದಿಂದಲೇ ಮನೆಯಲ್ಲಿ ವಿದ್ಯುತ್ ವಾಹನ ಚಾರ್ಜು ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿಗಳು ಅವಕಾಶ ನೀಡಿದವು. ಗಂಟೆಗಟ್ಟಲೆ ಪೂರ್ಣ ಹೊರೆ ಎಳೆಯುವ ಈ ಕೆಲಸಕ್ಕೆ ಸಾಮಾನ್ಯ ಗೋಡೆಯ ಸಾಕೆಟ್ ಬಾಳುವುದಿಲ್ಲ. ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಕೆಲಸವಿದೆ. ಎಂಸಿಬಿ, ಆರ್‌ಸಿಸಿಬಿ, ಸಾಕೆಟ್‌ಗಳನ್ನು ಕೂಡಿಸಿದ, ಮಳೆಗೆ ಕೆಡದ ತಗಡಿನ ಕಂಬಪೆಟ್ಟಿಗೆಯನ್ನು ತಯಾರಿಸಲು ಫ್ಯಾಬ್ರಿಕೇಷನ್ ಘಟಕವೊಂದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಇಡೀ ವ್ಯವಸ್ಥೆಯಲ್ಲಿ ಆರ್‌ಸಿಸಿಬಿಯ ಬೆಲೆ ಸಣ್ಣ ಪಾಲು. ಖರ್ಚು ತಗ್ಗಿಸಲು ಮೊದಲು ಕೈಬಿಡುವುದೂ ಅದನ್ನೇ, ಏಕೆಂದರೆ ಅದಿಲ್ಲದೆಯೂ ದೀಪ ಉರಿಯುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅವಘಡದ ನಂತರ ಅದನ್ನು ಕೂಡಿಸಿ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಅದರ ‘ಟೆಸ್ಟ್’ ಗುಂಡಿಯನ್ನು ಒತ್ತಿ ನೋಡುವುದನ್ನು, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಅಂಗಡಿಯ ನಿತ್ಯದ ಕೆಲಸಗಳಲ್ಲಿ ಸೇರಿಸಿಕೊಂಡ ವ್ಯಾಪಾರಿಯು ಅತಿಥಿಯನ್ನು ನಿಶ್ಚಿಂತೆಯಿಂದ ಅಂಗಳಕ್ಕೆ ಬರಮಾಡಿಕೊಳ್ಳಬಹುದು.